ಕೆಲಸ ಬಿಟ್ಟವರ ಕೀಲಿ: ಮಂಡ್ಯದ ವೇಬ್ರಿಜ್ ಸರ್ವರ್‌ಗಳಿಗೆ ರಿಮೋಟ್ ಲಾಗಿನ್ ಆರಿಸಿದ ಒಂದು ಪ್ರಕರಣ

ಈ ಪ್ರಕರಣ ಮಂಡ್ಯದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯದು. ಕಬ್ಬಿನ ವೇಬ್ರಿಜ್‌ಗಳಿಗೆ ತೂಕ ಮತ್ತು ಬಿಲ್ಲಿನ ವ್ಯವಸ್ಥೆ ನಡೆಸಿಕೊಡುವುದು ಅವರ ಕೆಲಸ. ಲೋಡ್ ಗಾಡಿ ಒಂದು ಸಲ ತೂಗುತ್ತದೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಇನ್ನೊಂದು ಸಲ ತೂಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೇ ರೈತನ ದುಡ್ಡು. ಆ ಎರಡು ಅಂಕಿಗಳು ವೇಬ್ರಿಜ್ ಕೋಣೆಯ ಪುಟ್ಟ ಲಿನಕ್ಸ್ ಪೆಟ್ಟಿಗೆಗೆ ಬರುತ್ತವೆ. ಅಲ್ಲಿಂದ 4ಜಿ ಸಿಮ್ ಮೂಲಕ ಮುಂಬೈನ ಡೇಟಾ ಸೆಂಟರಿನಲ್ಲಿರುವ ಬಾಡಿಗೆ ಸರ್ವರ್‌ಗೆ ಹೋಗುತ್ತವೆ.

ಸೀಸನ್‌ನಲ್ಲಿ ಪೆಟ್ಟಿಗೆ ಕೈಕೊಟ್ಟರೆ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕಡಿದ ಕಬ್ಬು ಬಿಸಿಲಲ್ಲಿ ಒಣಗಿದಷ್ಟೂ ತೂಕ ಕಳೆದುಕೊಳ್ಳುತ್ತದೆ. ಅದಕ್ಕೇ ದೂರದಿಂದಲೇ ಲಾಗಿನ್ ಆಗಿ ಸರಿಪಡಿಸುವ ಅನುಕೂಲ ಇರಲೇಬೇಕು. ಆದರೆ ಅದೇ ಲಾಗಿನ್ ಬೇಡದವರ ಕೈಗೆ ಸಿಕ್ಕರೆ ತೂಕವನ್ನೇ ತಿದ್ದಬಹುದು. ಈ ಕೆಲಸದಲ್ಲಿ ನಮ್ಮ ಮುಂದಿದ್ದ ಪ್ರಶ್ನೆ ಇದೇ.

ಮೊದಲು ಇದ್ದ ಸ್ಥಿತಿ

ಸರ್ವರ್ ನೋಡಿಕೊಳ್ಳುವವರು ಮೂವರು. ಹಿರಿಯ ಅಡ್ಮಿನ್ ಮೈಸೂರಿನ ವಿಜಯನಗರದವರು, ಮಂಡ್ಯಕ್ಕೆ ರೈಲಿನಲ್ಲಿ ಓಡಾಡುತ್ತಾರೆ. ಇನ್ನೊಬ್ಬರು ಕಚೇರಿಯಲ್ಲೇ ಇರುತ್ತಾರೆ. ಮೂರನೆಯವನು ಫೀಲ್ಡ್ ಹುಡುಗ, ಪಾಂಡವಪುರ, ಮದ್ದೂರು, ಮಳವಳ್ಳಿ ಕಡೆಯ ವೇಬ್ರಿಜ್‌ಗಳಿಗೆ ಬೈಕಿನಲ್ಲಿ ಹೋಗಿಬರುತ್ತಾನೆ. ನಾಲ್ಕನೆಯವರು ಒಬ್ಬರಿದ್ದರು. ಅವರು ಬೇರೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು.

ಎಲ್ಲರೂ ‘ರೂಟ್’ ಎಂಬ, ಪೂರ್ತಿ ಅಧಿಕಾರ ಇರುವ ಒಂದೇ ಹೆಸರಿನಲ್ಲಿ, ಒಂದೇ ಪಾಸ್‌ವರ್ಡ್ ಹಾಕಿ, ಎಸ್‌ಎಸ್‌ಎಚ್ ಎಂಬ ರಿಮೋಟ್ ಲಾಗಿನ್ ತಂತ್ರಾಂಶದ ಮೂಲಕ ಒಳಗೆ ಹೋಗುತ್ತಿದ್ದರು. ವೇಬ್ರಿಜ್ ಕೋಣೆಯ ವಿಂಡೋಸ್ ಕಂಪ್ಯೂಟರ್‌ಗಳಿಗೆ ಪುಕ್ಕಟೆ ಸಿಗುವ ಒಂದು ಸ್ಕ್ರೀನ್ ಹಂಚಿಕೆ ತಂತ್ರಾಂಶ ಇತ್ತು. ಅದರ ಪಾಸ್‌ವರ್ಡ್ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಿದ್ದಿತ್ತು.

ವಿಷಯ ಬಿಗಡಾಯಿಸಿದ್ದು ಒಂದು ಚೀಟಿಯಿಂದ. ರೈತರೊಬ್ಬರ ಕೈಯಲ್ಲಿದ್ದ ಚೀಟಿಗೂ ಲೆಡ್ಜರಿಗೂ ತಾಳೆಯಾಗಲಿಲ್ಲ. ಖಾಲಿ ಗಾಡಿಯ ತೂಕ ತಪ್ಪಾಗಿ ನಮೂದಾಗಿದ್ದನ್ನು ಯಾರೋ ಆಮೇಲೆ ತಿದ್ದಿದ್ದರು. ತಿದ್ದಿದ್ದು ಸರಿಯಾಗಿಯೇ ಇತ್ತು. ಆದರೆ ಯಾರು ತಿದ್ದಿದರು ಎಂದು ಕೇಳಿದರೆ ಲಾಗ್‌ನಲ್ಲಿ ಸಿಕ್ಕಿದ್ದು ಒಂದೇ ಸಾಲು: ‘ಅಕ್ಸೆಪ್ಟೆಡ್ ಪಾಸ್‌ವರ್ಡ್ ಫಾರ್ ರೂಟ್’. ಮುಂದೆ ಒಂದು ಮೊಬೈಲ್ ಕಂಪನಿಯ ಐಪಿ ವಿಳಾಸ, ಅಷ್ಟೇ. ಆ ರೂಟ್ ಮೂವರಲ್ಲಿ ಯಾರು ಬೇಕಾದರೂ ಆಗಬಹುದು, ಬೆಂಗಳೂರಿಗೆ ಹೋದವರೂ ಆಗಬಹುದು. ಅವರು ಏನೂ ಮಾಡಿರಲಿಲ್ಲ. ಆದರೂ ‘ನಾನಲ್ಲ’ ಎಂದು ತೋರಿಸಲು ಅವರಿಗೆ ದಾರಿಯೇ ಇರಲಿಲ್ಲ. ಹಂಚಿಕೊಂಡ ಪಾಸ್‌ವರ್ಡಿನಲ್ಲಿ ನನಗೆ ಬಹಳ ನೋವು ಕೊಡುವ ಸಂಗತಿ ಇದು. ಕಳ್ಳ ಸಿಕ್ಕಿಬೀಳುವುದಿಲ್ಲ ಅನ್ನುವುದು ಹಾಗಿರಲಿ, ತಪ್ಪು ಮಾಡದವರಿಗೂ ಸಂಶಯದಿಂದ ಹೊರಬರಲು ಆಗುವುದಿಲ್ಲ.

ಸಲಹೆಗೆ ನನ್ನನ್ನು ಕರೆದದ್ದು ಆಗ.

ಏನೇನು ನೋಡಿದೆವು

ಕಚೇರಿಯ ಮಾಲೀಕರ ಮೊದಲ ಮಾತು, ‘ಎಸ್‌ಎಸ್‌ಎಚ್ ತುಂಬಾ ಹಳೇದು ಅಲ್ವಾ, ಹೊಸದೇನಾದರೂ ಹಾಕೋಣ’ ಎಂದು. ಹಳೇದು ನಿಜ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಟಾಟು ಯುಲೋನೆನ್ ಅದನ್ನು ಬರೆದರು. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಕದ್ದು ಕೇಳುತ್ತಾ ಪಾಸ್‌ವರ್ಡ್‌ಗಳನ್ನು ಎತ್ತಿದ್ದರು. ಆಗ ಬಳಕೆಯಲ್ಲಿದ್ದ ಟೆಲ್ನೆಟ್ ಪಾಸ್‌ವರ್ಡನ್ನು ಗೂಢಲಿಪಿ ಮಾಡದೆ ಹಾಗೇ ಕಳಿಸುತ್ತಿತ್ತು. ಸರ್ವರ್‌ನ ಪ್ರತಿ ಸೇವೆಗೂ ಪೋರ್ಟ್ ಎಂಬ ಬಾಗಿಲ ಸಂಖ್ಯೆ ಇರುತ್ತದೆ; ಫೈಲ್ ಕಳಿಸುವ ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23 ಇತ್ತು. ನಡುವೆ ಖಾಲಿ ಇದ್ದ 22ನೇ ಪೋರ್ಟನ್ನು ಅವರು ಕೇಳಿ ಪಡೆದರು. ಇವತ್ತು ಎಲ್ಲರೂ ಬಳಸುವ ಓಪನ್‌ಎಸ್‌ಎಸ್‌ಎಚ್ ಅನ್ನು 1999ರಲ್ಲಿ ಶುರು ಮಾಡಿದವರು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಂಡದವರು. ಹಳೆಯ ಮೊದಲ ಆವೃತ್ತಿಯ ಪ್ರೋಟೋಕಾಲನ್ನು ಅವರೇ 2017ರಲ್ಲಿ ಪೂರ್ತಿ ಕಿತ್ತುಹಾಕಿದರು. ಹೆಸರು ಹಳೇದಾದರೂ ಒಳಗಿನ ಗೂಢಲಿಪಿ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. ಗೂಢಲಿಪಿಯ ದೃಷ್ಟಿಯಿಂದ ಇದನ್ನು ಬಿಡಲು ಕಾರಣವೇ ಇಲ್ಲ ಎಂದು ನಾನು ಹೇಳಿದೆ.

ಸ್ಕ್ರೀನ್ ಹಂಚಿಕೆಯ ತಂತ್ರಾಂಶವನ್ನೇ ಎಲ್ಲದಕ್ಕೂ ಬಳಸೋಣ ಎಂಬ ಮಾತೂ ಬಂತು. ಬಳಸಲು ಸುಲಭ, ನಿಜ. ಆದರೆ ನಡುವೆ ಮೂರನೆಯವರ ಸರ್ವರ್ ಇರುತ್ತದೆ. 2024ರ ಫೆಬ್ರವರಿಯಲ್ಲಿ ಇಂಥದೇ ತಂತ್ರಾಂಶ ಮಾಡುವ ಎನಿಡೆಸ್ಕ್ ಕಂಪನಿ ತನ್ನ ವ್ಯವಸ್ಥೆಯೊಳಗೆ ನುಸುಳುಕೋರರು ಹೊಕ್ಕಿದ್ದರು ಎಂದು ತಾನೇ ತಿಳಿಸಿ, ಸರ್ಟಿಫಿಕೇಟ್‌ಗಳನ್ನು ಬದಲಾಯಿಸಬೇಕಾಯಿತು. ಮುಚ್ಚಿಡದೆ ಹೇಳಿದ್ದು ಒಳ್ಳೆಯದೇ. ಆದರೂ ಹಣದ ಲೆಕ್ಕ ಇರುವ ಸರ್ವರ್‌ಗೆ ಅಂಥ ಇನ್ನೊಂದು ಬಾಗಿಲು ಯಾಕೆ ಬೇಕು?

ಟೆಲಿಪೋರ್ಟ್‌ನಂಥ ದೊಡ್ಡ ವ್ಯವಸ್ಥೆಗಳು ಪ್ರತಿ ಸೆಷನ್ನನ್ನೂ ರೆಕಾರ್ಡ್ ಮಾಡುತ್ತವೆ, ಚೆನ್ನಾಗಿವೆ. ಮೂರು ಜನರ ಕಚೇರಿಗೆ ಅದನ್ನು ಸಾಕುವುದೇ ಒಂದು ಕೆಲಸವಾಗುತ್ತದೆ. ಬಿಟ್ಟೆವು.

ಪುಟಿ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ವಿಂಡೋಸ್‌ನಿಂದ ಲಾಗಿನ್ ಆಗಲು ಫೀಲ್ಡ್ ಹುಡುಗ ಬಳಸುತ್ತಿದ್ದದ್ದು ಅದನ್ನೇ. ಸೈಮನ್ ಟ್ಯಾಥಮ್ ಬರೆದ ಒಳ್ಳೆಯ ತಂತ್ರಾಂಶ, ಪುಕ್ಕಟೆ. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಹಾಕದೆಯೂ, ಕೀಲಿ ಎಂಬ ಗುಟ್ಟಿನ ಫೈಲ್ ಬಳಸಿ ಒಳಗೆ ಬರಬಹುದು. ಯಾರ್ಯಾರ ಕೀಲಿಗೆ ಬಾಗಿಲು ತೆರೆಯಬೇಕು ಎಂದು ಬರೆದಿಡುವ, ಮುಂಬೈ ಸರ್ವರ್‌ನ ‘ಆಥರೈಸ್ಡ್ ಕೀಸ್’ ಫೈಲ್ ತೆರೆದು ಒಂದೊಂದೇ ಸಾಲು ನೋಡುತ್ತಾ ಹೋದೆವು. ಒಂದು ಕೀಲಿಯ ಸಾಲು ‘ನಿಸ್ಟ್‌ಪಿ521’ ಎಂಬ ಬಗೆಯಿಂದ ಶುರುವಾಗಿತ್ತು. ಅದು ಅವನ ಕೀಲಿ. 2024ರ ಏಪ್ರಿಲ್‌ನಲ್ಲಿ ಗೊತ್ತಾದಂತೆ, ಪುಟಿಯ 0.68ರಿಂದ 0.80ರವರೆಗಿನ ಆವೃತ್ತಿಗಳು ಲಾಗಿನ್ ಆಗಲು ಈ ಬಗೆಯ ಕೀಲಿಯಿಂದ ಸಹಿ ಮಾಡುವಾಗ, ಪ್ರತಿ ಸಹಿಗೂ ಬೇಕಾದ ಗುಟ್ಟಿನ ಸಂಖ್ಯೆಯ ಮೊದಲ 9 ಬಿಟ್‌ಗಳು ಯಾವಾಗಲೂ ಸೊನ್ನೆಯಾಗಿಯೇ ಇರುತ್ತಿದ್ದವು. ಸುಮಾರು 60 ಸಹಿಗಳು ಕೈಗೆ ಸಿಕ್ಕರೆ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದು. ದಾರಿಯಲ್ಲಿ ಕದ್ದು ಕೇಳುವವರಿಗೆ ಈ ಸಹಿಗಳು ಕಾಣುವುದಿಲ್ಲ. ನೀವು ಲಾಗಿನ್ ಆಗುವ ಸರ್ವರ್ ಒಂದು ಕೆಟ್ಟವರ ಕೈಲಿದ್ದರೆ ಅವರಿಗೆ ಸಿಗುತ್ತವೆ. 0.81ರಲ್ಲಿ ಇದು ಸರಿಯಾಯಿತು. ಆದರೆ ಪುಟಿ ಅಪ್‌ಡೇಟ್ ಮಾಡಿದರೆ ಸಾಲದು, ಆ ಕೀಲಿಯನ್ನೇ ಎಸೆಯಬೇಕು. ಹುಡುಗ ಪುಟಿಯನ್ನು ಅಪ್‌ಡೇಟ್ ಮಾಡಿದ್ದ. ಕೀಲಿ ಮಾತ್ರ ಹಳೇದೇ ಇತ್ತು. ಆ ಸಾಲನ್ನು ಅಲ್ಲೇ ಅಳಿಸಿದೆವು. ವಿಂಡೋಸ್ 10ರ 2018ರ ಆವೃತ್ತಿಗಳಿಂದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಜೊತೆಗೇ ಬರುತ್ತದೆ. ಇನ್ನು ಮುಂದೆ ಎಲ್ಲರೂ ಒಂದೇ ಕ್ಲೈಂಟ್ ಬಳಸಲಿ, ಇಡಿ25519 ಬಗೆಯ ಕೀಲಿ ಮಾಡಿಕೊಳ್ಳಲಿ ಎಂದು ತೀರ್ಮಾನವಾಯಿತು.

22ನೇ ಪೋರ್ಟ್ ಇಡೀ ಜಗತ್ತಿಗೆ ತೆರೆದಿರಬೇಕಾ?

ಪೋರ್ಟ್ ನಂಬರ್ ಬದಲಾಯಿಸಿ, ಪದೇ ಪದೇ ತಪ್ಪು ಪಾಸ್‌ವರ್ಡ್ ಹಾಕುವವರನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿದರೆ ಸಾಕು ಎಂಬ ವಾದ ಕಚೇರಿಯಲ್ಲಿತ್ತು. ಲಾಗ್‌ನ ಗದ್ದಲ ಕಡಿಮೆಯಾಗುತ್ತದೆ, ಅಷ್ಟು ನಿಜ. ಆದರೆ 2024ರ ಜುಲೈ 1ರಂದು ಭದ್ರತಾ ಕಂಪನಿ ಕ್ವಾಲಿಸ್‌ನವರು ಓಪನ್‌ಎಸ್‌ಎಸ್‌ಎಚ್‌ನಲ್ಲಿ ‘ರೆಗ್ರೆಶನ್’ (regreSSHion) ಎಂಬ ದೋಷವನ್ನು ಬಯಲು ಮಾಡಿದರು. 2006ರಲ್ಲಿ ಸರಿಪಡಿಸಿದ್ದ ದೋಷವೊಂದು ಮುಂದೆ ಬಂದ ಬದಲಾವಣೆಯೊಂದರಿಂದ ಮತ್ತೆ ಒಳಗೆ ಸೇರಿಕೊಂಡಿತ್ತು. ಲಾಗಿನ್ ಆಗುವ ಮುಂಚೆಯೇ, ಪಾಸ್‌ವರ್ಡೂ ಇಲ್ಲದೆ ಕೀಲಿಯೂ ಇಲ್ಲದೆ, ಒಳಗೆ ನುಗ್ಗುವ ಸಾಧ್ಯತೆ ಅದರಲ್ಲಿತ್ತು. ತುಂಬಾ ಸಲ ಪ್ರಯತ್ನಿಸಬೇಕಿತ್ತು, ಸುಲಭವಲ್ಲ. ಆದರೆ ಅಂಥ ದಿನ ನಮ್ಮ ಪೋರ್ಟ್ ಎಲ್ಲರಿಗೂ ತೆರೆದಿದೆಯೋ ಇಲ್ಲವೋ ಎಂಬುದೇ ಮುಖ್ಯವಾಗುತ್ತದೆ.

ಹಾಗಾಗಿ ಎಸ್‌ಎಸ್‌ಎಚ್‌ಗೆ ಮುಂದುಗಡೆ ವೈರ್‌ಗಾರ್ಡ್ ಇಟ್ಟೆವು. ಎರಡು ಮೆಷೀನುಗಳ ನಡುವೆ ಗೂಢಲಿಪಿಯ ಸುರಂಗ ಹಾಕುವ ವಿಪಿಎನ್ ತಂತ್ರಾಂಶ ಅದು. ಜೇಸನ್ ಡೊನೆನ್‌ಫೆಲ್ಡ್ ಬರೆದದ್ದು, 2020ರಲ್ಲಿ ಲಿನಕ್ಸ್ 5.6ರ ಜೊತೆ ಕರ್ನಲ್‌ನೊಳಗೆ ಸೇರಿತು. ಕೋಡ್ ಚಿಕ್ಕದು, ಸುಮಾರು 4000 ಸಾಲು. ಅದರಲ್ಲಿ ನನಗೆ ಇಷ್ಟವಾಗುವ ಗುಣ ಒಂದಿದೆ: ಸರಿಯಾದ ಕೀಲಿ ಇಲ್ಲದವರು ಬಾಗಿಲು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ ಸ್ಕ್ಯಾನ್ ಮಾಡುವವರಿಗೆ ಅಲ್ಲಿ ಅದು ಇದೆ ಎಂದೇ ಗೊತ್ತಾಗುವುದಿಲ್ಲ.

ವೇಬ್ರಿಜ್ ಪೆಟ್ಟಿಗೆಗಳಿಗೆ ಬೇರೆ ಒಂದು ತೊಡಕಿತ್ತು. 4ಜಿ ಸಿಮ್‌ಗೆ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇರುವುದಿಲ್ಲ, ಸಾವಿರಾರು ಜನ ಒಂದೇ ವಿಳಾಸದ ಹಿಂದೆ ಇರುತ್ತಾರೆ. ಹೊರಗಿನಿಂದ ಅದನ್ನು ತಲುಪಲು ಆಗುವುದಿಲ್ಲ. ಅದಕ್ಕೆ ಪೆಟ್ಟಿಗೆಯೇ ಮುಂಬೈಗೆ ವೈರ್‌ಗಾರ್ಡ್ ಸಂಪರ್ಕ ಮಾಡುತ್ತದೆ, 25 ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ಯಾಕೆಟ್ ಕಳಿಸಿ ದಾರಿ ತೆರೆದಿಡುತ್ತದೆ. ನಾವು ಮುಂಬೈ ಮೂಲಕ ಅದೇ ಸುರಂಗದಲ್ಲಿ ಹಿಂದಕ್ಕೆ ಬಂದು ಲಾಗಿನ್ ಆಗುತ್ತೇವೆ.

ಹಿರಿಯ ಅಡ್ಮಿನ್ ಮೋಷ್ ಎಂಬ ಇನ್ನೊಂದು ಲಾಗಿನ್ ತಂತ್ರಾಂಶ ಬೇಕೇ ಬೇಕು ಅನ್ನುತ್ತಿದ್ದರು. ಮೈಸೂರಿನಿಂದ ಮಂಡ್ಯ ಸುಮಾರು 45 ಕಿಲೋಮೀಟರ್. ರೈಲು ಶ್ರೀರಂಗಪಟ್ಟಣ, ಪಾಂಡವಪುರ ದಾಟುವಷ್ಟರಲ್ಲಿ ಫೋನ್ ಟವರ್ ಬದಲಿಸುತ್ತಾ ಹೋಗುತ್ತದೆ, ಎಸ್‌ಎಸ್‌ಎಚ್ ಸೆಷನ್ ಹೆಪ್ಪುಗಟ್ಟಿ ನಿಲ್ಲುತ್ತದೆ. ಮೋಷ್ 2012ರಲ್ಲಿ ಎಂಐಟಿಯಿಂದ ಬಂದದ್ದು. ಐಪಿ ಬದಲಾದರೂ ಸಂಪರ್ಕ ಕಡಿಯುವುದಿಲ್ಲ, ಟೈಪ್ ಮಾಡಿದ ಅಕ್ಷರ ತಕ್ಷಣ ಕಾಣುತ್ತದೆ. ಆದರೆ ಅದಕ್ಕೆ 60000ದಿಂದ 61000ದವರೆಗಿನ ಯುಡಿಪಿ ಪೋರ್ಟ್‌ಗಳಲ್ಲಿ ಜಾಗ ಬೇಕು. ವೈರ್‌ಗಾರ್ಡ್ ಹಾಕಿದ ಮೇಲೆ ಅವರೇ ರೈಲಿನಲ್ಲಿ ಸುಮ್ನೆ ಮಾಮೂಲಿ ಎಸ್‌ಎಸ್‌ಎಚ್ ಹಚ್ಚಿ ನೋಡಿದರು. ಸೆಷನ್ ಕಡಿಯಲಿಲ್ಲ. ಹೊರಗಿನ ಐಪಿ ಬದಲಾದರೂ ಸುರಂಗದ ಒಳಗಿನ ವಿಳಾಸ ಅದೇ ಇರುತ್ತದೆ, ಎಸ್‌ಎಸ್‌ಎಚ್‌ಗೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಸಿಗ್ನಲ್ ಪೂರ್ತಿ ಹೋದರೆ ನಡೆಯುತ್ತಿದ್ದ ಕೆಲಸ ನಿಲ್ಲದಿರಲಿ ಎಂದು ಸರ್ವರ್‌ನಲ್ಲಿ ಟಿಮಕ್ಸ್ ಹಾಕಿದೆವು. ಮೋಷ್ ಬೇಕಾಗಲಿಲ್ಲ.

ಕರೆಂಟ್ ಹೋಗಿ ಬಂದಾಗ

ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಳ್ಳಿ ಕಡೆ ಇಂಥ ಪೆಟ್ಟಿಗೆ ಇಡುವ ಯಾರಿಗಾದರೂ ಇದು ಎದುರಾಗುತ್ತದೆ.

ಪರೀಕ್ಷೆಗೆ ಎಂದು ಪಾಂಡವಪುರದ ಕಡೆಯ ಒಂದು ಪೆಟ್ಟಿಗೆಗೆ ವೈರ್‌ಗಾರ್ಡ್ ಹಾಕಿ, ಅದರ ಎಲ್ಲ ಇಂಟರ್ನೆಟ್ ಸಂಚಾರವೂ ಸುರಂಗದಲ್ಲೇ ಹೋಗುವಂತೆ ಇಟ್ಟಿದ್ದರು. ಚೆನ್ನಾಗಿ ನಡೆಯಿತು. ಒಂದು ದಿನ ಕರೆಂಟ್ ಹೋಯಿತು, ಯುಪಿಎಸ್ ಖಾಲಿಯಾಯಿತು. ಕರೆಂಟ್ ಬಂದ ಮೇಲೆ ಪೆಟ್ಟಿಗೆ ಆನ್ ಆಯಿತು, ದೀಪ ಮಿನುಗಿತು, ಸಿಮ್‌ಗೆ ಸಿಗ್ನಲ್ಲೂ ಇತ್ತು. ಸುರಂಗ ಮಾತ್ರ ಏಳಲಿಲ್ಲ.

ಪೆಟ್ಟಿಗೆ ರಾಸ್ಪ್‌ಬೆರಿ ಪೈ 4. ಅದರಲ್ಲಿ ಬ್ಯಾಟರಿ ಮೇಲೆ ಓಡುವ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ಡಿಸ್ಕಿನಲ್ಲಿ ಕೊನೆಯ ಸಲ ಬರೆದಿಟ್ಟ ಸಮಯದಿಂದಲೇ ಮುಂದುವರಿಯುತ್ತದೆ. ಅಂದರೆ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ವೈರ್‌ಗಾರ್ಡ್ ಪ್ರತಿ ಕೈಕುಲುಕಿನಲ್ಲೂ ಒಂದು ಸಮಯದ ಗುರುತು ಕಳಿಸುತ್ತದೆ. ಹಿಂದಿನ ಗುರುತಿಗಿಂತ ಮುಂದಿನದು ದೊಡ್ಡದಿರಬೇಕು, ಇಲ್ಲದಿದ್ದರೆ ಯಾರೋ ಹಳೆಯ ಪ್ಯಾಕೆಟ್ ಹಿಡಿದಿಟ್ಟುಕೊಂಡು ಮತ್ತೆ ಕಳಿಸುತ್ತಿದ್ದಾರೆ ಎಂದು ಮುಂಬೈ ಸರ್ವರ್ ತಿರಸ್ಕರಿಸುತ್ತದೆ. ಸರಿಯಾದ ನಡತೆಯೇ. ಈಗ ಪೆಟ್ಟಿಗೆ ಇಂಟರ್ನೆಟ್‌ನಿಂದ ಸರಿ ಸಮಯ ತಿಳಿದುಕೊಳ್ಳಬೇಕು. ಆದರೆ ಎಲ್ಲ ಸಂಚಾರವೂ ಸುರಂಗದಲ್ಲೇ ಹೋಗಬೇಕು ಎಂದು ಇಟ್ಟಿದೆಯಲ್ಲ! ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಎಂಬ ಗಾದೆಯಂತೆ ಆಯಿತು. ಸಮಯ ಸಿಗದೆ ಸುರಂಗ ಏಳುವುದಿಲ್ಲ, ಸುರಂಗ ಏಳದೆ ಸಮಯ ಸಿಗುವುದಿಲ್ಲ. ಹುಡುಗ ಬೈಕ್ ಹತ್ತಿ ಹೋಗಿ ಕೀಬೋರ್ಡ್ ಹಾಕಿ ಸಮಯ ಸರಿ ಮಾಡಿದ. ತಕ್ಷಣ ಸುರಂಗ ಎದ್ದಿತು.

ಸೀಸನ್‌ಗೆ ಮುಂಚೆ ಇದು ಗೊತ್ತಾದದ್ದು ದೊಡ್ಡ ಪುಣ್ಯ. ಎರಡು ಬದಲಾವಣೆ ಮಾಡಿದೆವು. ಕಚೇರಿಯ ಒಳ ವಿಳಾಸಗಳ ಸಂಚಾರ ಮಾತ್ರ ಸುರಂಗದಲ್ಲಿ ಹೋಗಲಿ, ಸಮಯ ಕೇಳುವುದು ನೇರವಾಗಿ ಸಿಮ್ ಮೂಲಕ ಹೋಗಲಿ ಎಂದು ಇಟ್ಟದ್ದು ಒಂದು. ಪ್ರತಿ ಪೆಟ್ಟಿಗೆಗೂ ಡಿಎಸ್3231 ಗಡಿಯಾರದ ಚಿಪ್ಪು ಮತ್ತು ಒಂದು ನಾಣ್ಯದಾಕಾರದ ಸೆಲ್ ಹಾಕಿಸಿದ್ದು ಇನ್ನೊಂದು. ಪೈ 5ರಲ್ಲಿ ಗಡಿಯಾರ ಒಳಗೇ ಇದೆ, ಸೆಲ್ ಮಾತ್ರ ಬೇರೆ ಹಾಕಬೇಕು.

ವಾರದ ಸರ್ಟಿಫಿಕೇಟ್

ಗಡಿಯಾರ ಇಷ್ಟು ಮುಖ್ಯವಾಗಲು ಇನ್ನೊಂದು ಕಾರಣ ಇತ್ತು. ಪಾಸ್‌ವರ್ಡ್ ತೆಗೆದು ಕೀಲಿ ಹಾಕಿದ ಮಾತ್ರಕ್ಕೆ ಚೀಟಿಯ ಸಮಸ್ಯೆ ಪೂರ್ತಿ ಬಗೆಹರಿಯುವುದಿಲ್ಲ. ಕೆಲಸ ಬಿಟ್ಟವರ ಕೀಲಿಯನ್ನು ಪ್ರತಿ ಮೆಷೀನಿನಿಂದಲೂ ನೆನಪಿಟ್ಟು ಅಳಿಸಬೇಕು. ಒಂದು ಮೆಷೀನ್ ಮರೆತರೂ ಬಾಗಿಲು ತೆರೆದೇ ಇರುತ್ತದೆ. ಇಲ್ಲೂ ಹಾಗೇ ಆಯಿತು. ಮೈಸೂರಿನಲ್ಲಿದ್ದ ಬ್ಯಾಕಪ್ ಮೆಷೀನ್ ಯಾರ ಪಟ್ಟಿಯಲ್ಲೂ ಇರಲಿಲ್ಲ. ಬೆಂಗಳೂರಿಗೆ ಹೋದವರೇ ಫೋನ್ ಮಾಡಿ, ‘ಅದರಲ್ಲಿ ನನ್ನ ಕೀಲಿ ಇನ್ನೂ ಇರಬಹುದು, ತೆಗೆದುಬಿಡಿ’ ಎಂದು ನೆನಪಿಸಿದರು. ಅಂಥವರು ಇದ್ದದ್ದಕ್ಕೆ ಸರಿಹೋಯಿತು.

ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರಿಂದಲೇ ಸರ್ಟಿಫಿಕೇಟ್ ಸೌಲಭ್ಯ ಇದೆ. ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ ಎಂಬುದು ನನಗೆ ಬೇಸರದ ವಿಷಯ. ಕಚೇರಿಯಲ್ಲಿ ಸಹಿ ಮಾಡುವ ಒಂದು ದೊಡ್ಡ ಕೀಲಿ ಇರುತ್ತದೆ. ಸರ್ವರ್‌ಗಳು ಆ ಸಹಿಯನ್ನು ಮಾತ್ರ ನಂಬುತ್ತವೆ. ಪ್ರತಿಯೊಬ್ಬರ ಕೀಲಿಗೂ ಹೆಸರು, ಕ್ರಮಸಂಖ್ಯೆ, ಯಾವ ಮೆಷೀನುಗಳಿಗೆ ಹೋಗಬಹುದು, ಯಾವತ್ತಿನವರೆಗೆ ಎಂದು ಬರೆದು ಸಹಿ ಮಾಡಿ ಕೊಡುತ್ತಾರೆ. ಅವಧಿ ಮುಗಿದರೆ ಕೀಲಿ ತಾನಾಗಿಯೇ ಸತ್ತಂತೆ. ಯಾವ ಮೆಷೀನಿಗೂ ಹೋಗಿ ಅಳಿಸಬೇಕಿಲ್ಲ. ಮೆಷೀನಿನ ಗಡಿಯಾರ ಹಿಂದಿದ್ದರೆ ಮಾತ್ರ ‘ಇದರ ಅವಧಿ ಇನ್ನೂ ಶುರುವಾಗಿಲ್ಲ’ ಎಂದು ಒಳ್ಳೆಯ ಸರ್ಟಿಫಿಕೇಟನ್ನೂ ಅದು ತಳ್ಳಿಹಾಕುತ್ತದೆ. ಅದಕ್ಕೇ ಆ ಚಿಪ್ಪು.

ಅವಧಿ ಎಷ್ಟಿರಬೇಕು ಎಂಬುದಕ್ಕೆ ಚರ್ಚೆ ಆಯಿತು. ದೊಡ್ಡ ಕಂಪನಿಗಳಲ್ಲಿ ಕೆಲವು ಗಂಟೆ ಇಡುತ್ತಾರೆ. ಇಲ್ಲಿ ಸಹಿ ಮಾಡುವ ಕೀಲಿ ನೆಟ್‌ಗೆ ಹಚ್ಚದ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿದೆ. ದಿನಾ ತೆರೆಯುವುದು ಆಗದ ಮಾತು. ಆಗದ ನಿಯಮ ಹಾಕಿದರೆ ಜನ ಸುತ್ತುದಾರಿ ಹುಡುಕುತ್ತಾರೆ. ಸೋಮವಾರ ಬೆಳಿಗ್ಗೆ ಸಹಿ, ಮುಂದಿನ ಸೋಮವಾರದವರೆಗೆ ಮಾತ್ರ ಎಂದು ಒಪ್ಪಿದೆವು. ಫೀಲ್ಡ್ ಹುಡುಗನ ಸರ್ಟಿಫಿಕೇಟಿಗೆ ವೇಬ್ರಿಜ್ ಪೆಟ್ಟಿಗೆಗಳು ಮಾತ್ರ, ಡೇಟಾಬೇಸ್ ಸರ್ವರ್ ಇಲ್ಲ. ರೂಟ್ ಲಾಗಿನ್ ಪೂರ್ತಿ ಬಂದ್. ಎಲ್ಲರೂ ತಮ್ಮ ಹೆಸರಲ್ಲಿ ಬಂದು ಬೇಕಾದಾಗ ಮಾತ್ರ ರೂಟ್ ಅಧಿಕಾರ ಪಡೆಯಲು ಸುಡೋ ಎಂಬ ಆಜ್ಞೆ ಬಳಸಬೇಕು.

ವಾರದ ನಡುವೆ ಯಾರಾದರೂ ಬಿಟ್ಟುಹೋದರೆ? ಅವರ ವೈರ್‌ಗಾರ್ಡ್ ಕೀಲಿಯನ್ನು ಮುಂಬೈನಲ್ಲಿ ತೆಗೆದರೆ ದಾರಿಯೇ ಮುಚ್ಚುತ್ತದೆ. ಜೊತೆಗೆ ತೆರೆದಿರುವ ಸೆಷನ್‌ಗಳನ್ನೂ ನಿಲ್ಲಿಸಬೇಕು. ಸರ್ಟಿಫಿಕೇಟಿನ ಅವಧಿ ಮುಗಿದರೂ ಆಗಲೇ ಒಳಗಿರುವ ಸೆಷನ್ ತಾನಾಗಿ ಕಡಿಯುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಈಗ ಲಾಗ್ ತೆರೆದರೆ ಪ್ರತಿ ಲಾಗಿನ್ನಿನ ಸಾಲಿನಲ್ಲೂ ಯಾರ ಸರ್ಟಿಫಿಕೇಟ್, ಯಾವ ಕ್ರಮಸಂಖ್ಯೆ, ಯಾರ ಸಹಿ ಎಂದು ಬರೆದಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಘಟನೆ ನಡೆದದ್ದು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳೂ ಸರಿಯಾಗಿ ಹೊಂದಿಕೊಂಡಿರಬೇಕು. ಎಲ್ಲ ಸಾಲಿನಲ್ಲೂ ‘ರೂಟ್’ ಎಂದೇ ಇದ್ದರೆ 180 ದಿನದ ಲಾಗ್ ಇಟ್ಟು ಏನು ಪ್ರಯೋಜನ? ಲಾಗ್‌ಗಳು ಹುಟ್ಟಿದ ಮೆಷೀನಿನಲ್ಲೇ ಉಳಿಯದೆ ಇನ್ನೊಂದು ಸರ್ವರ್‌ಗೂ ಹೋಗುವಂತೆ ಮಾಡಿದೆವು.

ಬದಲಾಯಿಸಿದ ಬಗೆ

ಎಲ್ಲವನ್ನೂ ಸೀಸನ್ ಇಲ್ಲದ ಸಮಯದಲ್ಲಿ ಮಾಡಿದೆವು. ಸೆಟ್ಟಿಂಗ್ ಬದಲಿಸುವಾಗ ಹಳೆಯ ಸೆಷನ್ ಒಂದನ್ನು ತೆರೆದೇ ಇಟ್ಟು, ಇನ್ನೊಂದು ಕಿಟಕಿಯಿಂದ ಹೊಸ ಲಾಗಿನ್ ಆಗುವುದನ್ನು ನೋಡಿದ ಮೇಲೆಯೇ ಹಳೆಯದನ್ನು ಮುಚ್ಚಬೇಕು. ಎಸ್‌ಎಸ್‌ಎಚ್ ವೈರ್‌ಗಾರ್ಡ್ ವಿಳಾಸದಲ್ಲಿ ಮಾತ್ರ ಕಿವಿಗೊಡಲಿ ಎಂದು ಅದರ ಸೆಟ್ಟಿಂಗಿನಲ್ಲೇ ಬರೆಯಲು ಒಬ್ಬರು ಹೊರಟಿದ್ದರು. ಬೇಡವೆಂದೆ. ಮೆಷೀನ್ ರೀಬೂಟ್ ಆದಾಗ ಸುರಂಗಕ್ಕಿಂತ ಮೊದಲು ಎಸ್‌ಎಸ್‌ಎಚ್ ಎದ್ದರೆ, ಆ ವಿಳಾಸವೇ ಇಲ್ಲದೆ ಅದು ಕೈಚೆಲ್ಲಬಹುದು. ಅದೇ ಕೆಲಸವನ್ನು ಫೈರ್‌ವಾಲ್‌ನಲ್ಲಿ ಮಾಡುವುದು ಕ್ಷೇಮ. ಏನೇ ಆದರೂ ಇರಲಿ ಎಂದು ಡೇಟಾ ಸೆಂಟರಿನವರ ವೆಬ್ ಕನ್ಸೋಲ್ ಉಳಿಸಿಕೊಂಡೆವು, ಎರಡು ಹಂತದ ದೃಢೀಕರಣದ ಜೊತೆ. ವೇಬ್ರಿಜ್‌ಗಳ ವಿಂಡೋಸ್ ಕಂಪ್ಯೂಟರ್‌ಗಳಿಂದ ಸ್ಕ್ರೀನ್ ಹಂಚಿಕೆ ತೆಗೆದು, ಅವಕ್ಕೂ ವೈರ್‌ಗಾರ್ಡ್ ಹಾಕಿ, ರಿಮೋಟ್ ಡೆಸ್ಕ್‌ಟಾಪ್ ಸುರಂಗದೊಳಗೆ ಮಾತ್ರ ಸಿಗುವಂತೆ ಇಟ್ಟೆವು.

ಸರ್ವರ್‌ಗಳಿಗೆ ಡೆಬಿಯನ್ ಲಿನಕ್ಸಿನ ಸ್ಥಿರ ಆವೃತ್ತಿಯಾದ ಡೆಬಿಯನ್ ಸ್ಟೇಬಲ್, ಭದ್ರತಾ ಅಪ್‌ಡೇಟ್ ತಾನಾಗಿ ಬರುವಂತೆ. ತೀರ ಹೊಸದು ಬೇಡ ಎಂದು ನಾನು ಪಟ್ಟು ಹಿಡಿಯಲು ಕಾರಣ ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ತಂತ್ರಾಂಶದ 2024ರ ಮಾರ್ಚಿನ ಪ್ರಕರಣ. ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಹುಡುಕಿಕೊಂಡು ಹೋಗಿ, ಎಕ್ಸ್‌ಜೆಡ್‌ನ 5.6.0 ಮತ್ತು 5.6.1ರಲ್ಲಿ ಅಡಗಿಸಿಟ್ಟಿದ್ದ ಹಿಂಬಾಗಿಲನ್ನು ಕಂಡುಹಿಡಿದರು. ಅದು ಡೆಬಿಯನ್ ಸ್ಟೇಬಲ್‌ಗೆ ಇಳಿದಿರಲಿಲ್ಲ.

ಬಾಕಿ ಇರುವುದು ಎರಡು ಕೆಲಸ. ಸಹಿ ಮಾಡುವ ಕೀಲಿ ಇರುವುದು ಒಂದೇ ಲ್ಯಾಪ್‌ಟಾಪಿನಲ್ಲಿ, ಅದು ಕೆಟ್ಟರೆ ಮುಂದಿನ ಸೋಮವಾರ ಯಾರಿಗೂ ಸರ್ಟಿಫಿಕೇಟ್ ಸಿಗುವುದಿಲ್ಲ. ಇನ್ನೊಂದು ಪ್ರತಿಯನ್ನು ಪಾಸ್‌ಫ್ರೇಸ್ ಹಾಕಿ ಬ್ಯಾಂಕ್ ಲಾಕರಿನಲ್ಲಿ ಇಡಲು ಮಾಲೀಕರು ಒಪ್ಪಿದ್ದಾರೆ, ಇನ್ನೂ ಇಟ್ಟಿಲ್ಲ. ಇಬ್ಬರು ಅಡ್ಮಿನ್‌ಗಳಿಗೆ ಯುಎಸ್‌ಬಿ ಭದ್ರತಾ ಕೀಲಿ ತರಿಸಬೇಕು. ಓಪನ್‌ಎಸ್‌ಎಸ್‌ಎಚ್ 8.2ರಿಂದ ಅವುಗಳಿಗೆ ಬೆಂಬಲ ಇದೆ, ಲ್ಯಾಪ್‌ಟಾಪ್ ಕದ್ದರೂ ಆ ಕೀಲಿ ಇಲ್ಲದೆ ಲಾಗಿನ್ ಆಗದು. ಸೀಸನ್ ಶುರುವಾಗುವ ಮುಂಚೆ ಎರಡೂ ಮುಗಿಯಬೇಕು ಎಂದು ಹೇಳಿ ಬಂದಿದ್ದೇನೆ.